ಯಾರ ಬಲ

ನವೆಂಬರ್ ೧೫, ಶನಿವಾರ

ಏಕಾದಶಿ ಉಪವಾಸ. ಐದಕ್ಕೆ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ. ಮಿಂದು, ದೇವರ ಪಾತ್ರೆ ಬೆಳಗಿ, ಹೂವು ಕೊಯ್ದು ಪೂಜೆ ಮುಗಿಸಿದೆ. ತಮ್ಮನಿಗೂ ಅವನ ಹೆಂಡತಿಗೂ ತೆಳ್ಳೇವು ದೋಸೆ ಎರೆದು ಹಾಕಿದೆ. ನನಗೆ ನೀರು.

ಪ್ರತಿ ಏಕಾದಶಿಗೆ ನಮ್ಮ ಹುಟ್ಟೂರಿನ ಲಕ್ಷ್ಮೀನಾರಾಯಣ ದೇವಸ್ಥಾನಕ್ಕೆ ವ್ಯಾನಿನಲ್ಲಿ ಹೋಗಿಬರುವುದು ರೂಢಿ. ಶಿರಸಿಯಿಂದ ಸಿದ್ದಾಪುರದ ರಸ್ತೆಯಲ್ಲಿ ಮುಕ್ಕಾಲು ತಾಸು. ನಮ್ಮ ಮನೆಯವರು ತೀರಿಕೊಂಡು ನಾನು ತಮ್ಮನ ಮನೆಗೆ ಬಂದು ಹನ್ನೆರಡು ವರ್ಷ. ಒಂದು ಏಕಾದಶಿಯೂ ತಪ್ಪಿರಲಿಲ್ಲ. ಇಂದು ತಪ್ಪಿತು. ವ್ಯಾನಿನ ಚಕ್ರ ಕೆಟ್ಟಿದೆ, ಸರಿಮಾಡಿಸಲು ತಮ್ಮ ಉಲ್ಲಾಸನಿಗೆ ಪುರುಸೊತ್ತಿಲ್ಲ. ಕಾರಣ ಕೇಳಿದರೆ ನಗಬೇಕು.

ತಿಂಡಿ ತಿನ್ನುತ್ತ ಎರಡು ಬಣ್ಣದ ಕಾಗದ ನನ್ನ ಮುಂದೆ ಹರವಿದ.

"ಅಕ್ಕಯ್ಯ, ಕಾರು ತಗಳ್ತೆ."

"ತಗ. ವ್ಯಾನು ಹಳೇದಾತು."

"ಅಂಥಾ ಕಾರಲ್ಲ. ಸ್ಪೋರ್ಟ್ಸ್ ಕಾರು."

"ಹಂಗಂದ್ರೆ? ಆಟದ ಸಾಮಾನಾ?"

ಅವನ ಹೆಂಡತಿ ನೇತ್ರಾ ಚಹಾದ ಲೋಟದೊಳಗೆ ನಕ್ಕಳು. ಅವನು ನಗಲಿಲ್ಲ. ನಲವತ್ತಾರು ವರ್ಷದ ಗಂಡಸು, ಮೂರು ತಾಲೂಕಿನಲ್ಲಿ ರಸ್ತೆ ಗುತ್ತಿಗೆ ಮಾಡುವವನು, ಕಣ್ಣು ಮಿನುಗಿಸುತ್ತ ಕೂತಿದ್ದ. ಕಾರಿನ ಹೆಸರು ಜರ್ಮನಿಯದ್ದಂತೆ. ನಾನು ಹೇಳಲು ಹೋದರೆ ಕೆಮ್ಮು ಬಂದ ಹಾಗಾಗುತ್ತದೆ. ಅದರಲ್ಲಿ ಎರಡು ನಮೂನೆ. ಒಂದು ಬರೀ ಹೆಸರಿನದ್ದು, ಇನ್ನೊಂದು ಹೆಸರಿನ ಕೊನೆಗೆ ಎಸ್ ಹಚ್ಚಿದ್ದು. ಬರೀ ಹೆಸರಿನದ್ದಕ್ಕೆ ಮುನ್ನೂರು ಕುದುರೆಯ ಬಲ, ಎಸ್ಸಿನದ್ದಕ್ಕೆ ನಾಲ್ಕುನೂರು. ಹೋಟೆಲಿನ ದೋಸೆಯ ಹಾಗೆ ನಾನು ಒಂದಕ್ಕೆ ಸಾದಾ ಅಂತಲೂ ಇನ್ನೊಂದಕ್ಕೆ ಜೋರಿಂದು ಅಂತಲೂ ಹೆಸರಿಟ್ಟೆ.

"ಯಾವ್ದು ತಗಳ್ಳವು ಹೇಳೇ ತಿಳಿತಿಲ್ಲೆ ಅಕ್ಕಯ್ಯ. ವಾರದಿಂದ ನಿದ್ದೆ ಇಲ್ಲೆ."

ಅಪ್ಪಯ್ಯ ಸತ್ತಾಗ ಇವನು ಮೂರನೆಯ ದಿನಕ್ಕೇ ಗೊರಕೆ ಹೊಡೆಯುತ್ತಿದ್ದ.

ಸಹಕಾರಿ ಸಂಘದವರು ಕೊಟ್ಟ ಈ ಡೈರಿ ವರ್ಷವಿಡೀ ಖಾಲಿ ಬಿದ್ದಿತ್ತು. ಬಾಯಲ್ಲಿ ಹೇಳಿದರೆ ಜಗಳ, ಇಲ್ಲಿ ಬರೆದಿಡುತ್ತೇನೆ.

ನವೆಂಬರ್ ೧೭, ಸೋಮವಾರ

ಕಾರ್ತಿಕದ ಕೊನೆಯ ಸೋಮವಾರ, ಒಪ್ಪತ್ತು.

ವ್ಯಾನಿನ ಚಕ್ರ ನೋಡಲು ಶಫಿ ಬಂದಿದ್ದ. ಪೇಟೆಯಲ್ಲಿ ಅವನದ್ದೇ ಗ್ಯಾರೇಜು. ನಮ್ಮ ವ್ಯಾನಿನ ಮೈಯೊಳಗೆ ಏನಿದೆ ಎಂಬುದು ಅವನಿಗೆ ಮತ್ತು ದೇವರಿಗೆ ಮಾತ್ರ ಗೊತ್ತು. ಉಲ್ಲಾಸನಿಗೆ ಬಿಡುವಿಲ್ಲದಾಗ ನನ್ನನ್ನು ದೇವಸ್ಥಾನಕ್ಕೆ ಕರೆದೊಯ್ಯುವವನೂ ಅವನೇ.

"ಅಕ್ಕೋರೆ, ಯಾವ್ದು ಅಂತ ತೀರ್ಮಾನ ಆಯ್ತಾ? ಸಾದಾನೋ, ಎಸ್ಸೋ?"

"ಎರಡನ್ನೂ ಹೊಳೆಗೆ ಹಾಕು. ಅದ್ರಲ್ಲಿ ಎಂತ ಫರಕು?"

"ಎಂಜಿನ್ನು ಬೇರೆ, ಬ್ರೇಕು ಬೇರೆ. ಮತ್ತೆ..." ಅವನು ಕೈ ಒರೆಸುವ ಬಟ್ಟೆಯನ್ನು ಎರಡು ಸಲ ಮಡಚಿದ. "ಸಾದಾದಲ್ಲಿ ಹಿಂದೆ ಎರಡು ಸಣ್ಣ ಸೀಟಿದಾವೆ. ಎಸ್ಸಲ್ಲಿ ಇಲ್ಲ."

"ಇಲ್ಲ ಅಂದ್ರೆ?"

"ಕಂಪನಿಯವ್ರೇ ತೆಗೆದುಬಿಡ್ತಾರೆ ಅಕ್ಕೋರೆ. ತೂಕ ಕಮ್ಮಿ ಆಗ್ಲಿ ಅಂತ. ತೂಕ ಕಮ್ಮಿಯಾದ್ರೆ ಇನ್ನೂ ಜೋರು ಓಡ್ತದೆ."

ಈ ಮನೆಯಲ್ಲಿ ಹಿಂದಿನ ಸೀಟಿನಲ್ಲಿ ಕೂರುವ ತೂಕ ಒಂದೇ ಇದೆ. ಐವತ್ತೆರಡು ಕಿಲೋ.

"ವ್ಯಾನು?"

"ಗುಜರಿಗೆ ಹಾಕು ಅಂದಿದಾರೆ. ಶೆಡ್ಡಲ್ಲಿ ಎರಡು ಹಿಡಿಯೂದಿಲ್ವಲ್ಲ."

ವ್ಯಾನಿನಲ್ಲಿ ನನ್ನ ಜಾಗ ಜಾರುವ ಬಾಗಿಲಿನ ಬದಿ. ಸೀಟಿನ ಸಂದಿಯಲ್ಲಿ ಜಪಮಾಲೆ ಇಡಲು ಒಂದು ತೂತು ಕೂಡ ಆಗಿದೆ, ಇಟ್ಟಿಟ್ಟು. ನನಗೇನು, ಬಸ್ಸಿದೆ. ಸಿದ್ದಾಪುರದ ಬಸ್ಸು ಹತ್ತಿ ಊರಿನ ತಿರುವಿನಲ್ಲಿ ಇಳಿದರೆ ಅಲ್ಲಿಂದ ಎರಡು ಮೈಲಿ ಮಣ್ಣು ರಸ್ತೆ. ಮೊಣಕಾಲಿಗೆ ಹಚ್ಚಲು ಎಣ್ಣೆ ಇದೆ. ಭಕ್ತರು ಹೇಗೆ ಬಂದರು ಅಂತ ನಾರಾಯಣ ಕೇಳುವುದಿಲ್ಲ.

ಒಂದು ಮಾತು ಬರೆಯಬೇಕು. ಸೀಟಿಲ್ಲ ಅನ್ನುವುದನ್ನು ತಮ್ಮ ನನಗೆ ಹೇಳಲಿಲ್ಲ. ಶಫಿ ಹೇಳಿದ.

ಊಟಕ್ಕೆ ಕೂತಾಗ ನೇತ್ರಾ ಪಟ್ಟು ಹಿಡಿದಿದ್ದಳು. "ಹಿಂದೆ ಸೀಟು ಇಲ್ದೇ ಇದ್ರೆ ಆಗ್ತಿಲ್ಲೆ. ಸಾದಾದ್ದೇ ತಗಳ್ಳಿ." ಅವಳು ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ, ಹೋಗುವಾಗ ಮೂರು ಚೀಲ, ಬರುವಾಗ ನಾಲ್ಕು. ಚೀಲಗಳಿಗೆ ಕೂರಲು ಸೀಟು ಬೇಕಲ್ಲ, ಪಾಪ.

ನವೆಂಬರ್ ೧೮, ಮಂಗಳವಾರ

ಇಂದೂ ಅದೇ ಮಾತು. ಎರಡು ಹೊತ್ತೂ. ಗೊಜ್ಜಿಗೆ ಉಪ್ಪು ಹಾಕಿರಲಿಲ್ಲ, ಇಬ್ಬರಿಗೂ ತಿಳಿಯಲಿಲ್ಲ.

ನವೆಂಬರ್ ೨೩, ಭಾನುವಾರ

ಇಂದು ಹುಬ್ಬಳ್ಳಿಯಿಂದ ಲಾರಿಯ ಬೆನ್ನ ಮೇಲೆ ಎರಡು ಕಾರು ಬಂದವು. ಅಷ್ಟು ಜೋರು ಓಡುವ ಕಾರು ಲಾರಿ ಹತ್ತಿ ಬರಬೇಕೇಕೆ ಅಂತ ಕೇಳಿದೆ. ಬೀದಿಯವರೆಲ್ಲ ಗೇಟಿಗೆ ಬಂದು ನಿಂತರು. ನಮ್ಮ ಮನೆಗೆಲಸದ ಮಂಜಿ ಕೈಯಲ್ಲಿ ಗುಡಿಸುವ ಹಿಡಿಸೂಡಿ ಹಿಡಿದೇ ಓಡಿಬಂದಳು. ನೋಡಿ ಅಂದಳು, "ಇದೆಂತದ್ರಾ ಅಮ್ಮ, ಯಾರೋ ಮೇಲೆ ಕೂತು ಚಪ್ಪಟೆ ಮಾಡ್ದಂಗೆ ಇತ್ತಲ್ರಾ."

ಕಾರಿನ ಜೊತೆ ಅಂಗಡಿಯ ಒಬ್ಬ ಬಂದಿದ್ದ. ವಿನೋದ ಅಂತ ಹೆಸರು. ಟೈ ಕಟ್ಟಿದ್ದ, ಬಾಯಿ ಕಟ್ಟಿರಲಿಲ್ಲ.

"ಬರ್ರಿ ಅಮ್ಮಾರ, ನೋಡ್ರಿ. ಇದು ಎಸ್ ಐತಲ್ರಿ, ನಾಕು ಸೆಕೆಂಡಿನ್ಯಾಗ ನೂರಕ್ಕ ಹೋಗತೈತಿ."

"ನೂರಕ್ಕೆ ಹೋಗಿ ಎಂತ ಮಾಡ್ತು?"

"ಅಂದ್ರ... ಸ್ಪೀಡ್ ರಿ."

"ಆ ಸಾದಾದ್ದು?"

"ಅದು ಐದೂವರಿ ಸೆಕೆಂಡ್ ತಗೋತೈತ್ರಿ."

ಅಂದರೆ ತಮ್ಮ ವಾರಗಟ್ಟಲೆ ನಿದ್ದೆಗೆಟ್ಟು ಹೊರಳಾಡಿದ್ದು ಒಂದೂವರೆ ಸೆಕೆಂಡಿನ ಸಲುವಾಗಿ. ಒಂದೂವರೆ ಸೆಕೆಂಡಿನಲ್ಲಿ ನನಗೆ ಒಂದು ಸೀನು ಕೂಡ ಮುಗಿಯುವುದಿಲ್ಲ.

ಮೊದಲು ಸಾದಾ. ಉಲ್ಲಾಸ, ನೇತ್ರಾ ಮುಂದೆ. ನನ್ನನ್ನು ಹಿಂದೆ ಹತ್ತಿಸಿದರು. ಹತ್ತಿಸಿದರು ಅನ್ನುವುದು ತಪ್ಪು, ತುರುಕಿದರು. ಮುಂದಿನ ಸೀಟು ಬಗ್ಗಿಸಿ, ಕೊಟ್ಟಿಗೆಯ ಕಿಂಡಿಯಲ್ಲಿ ಬೆಕ್ಕು ನುಗ್ಗಿದ ಹಾಗೆ ನಾನು ನುಗ್ಗಿದೆ. ಮೊಣಕಾಲು ಗಲ್ಲಕ್ಕೆ ಬಂತು, ತಲೆ ಗಾಜಿಗೆ ತಾಗಿತು.

"ಅದು ಸಣ್ಣ ಹುಡುಗ್ರ ಸೀಟ್ರಿ ಅಮ್ಮಾರ," ಅಂದ ವಿನೋದ ಹೊರಗಿನಿಂದ.

"ನಿಮ್ಮ ಕಡೆ ಹುಡುಗರಿಗೆ ಕಾಲು ಇರ್ತಿಲ್ಯಾ?"

ನೇತ್ರಾ ಹಿಂದೆ ತಿರುಗಿ ತಿರುಗಿ ನೋಡುತ್ತಿದ್ದಳು. "ಅತ್ತಿಗೆ, ನಿಂಗಕ್ಕೆ ಆಗ್ತಾ? ಕಾಲು ಚಾಚಲೆ ಬತ್ತಾ?" ಕಾಲು ಚಾಚಲು ಅಲ್ಲಿ ನನಗೆ ಮೊದಲು ಕಾಲು ಎಲ್ಲಿದೆ ಅಂತ ಹುಡುಕಬೇಕಿತ್ತು.

ಬೀದಿಯ ಕೊನೆಯ ಹಂಪಿನಲ್ಲಿ ಕಾರಿನ ಹೊಟ್ಟೆ ಗರ್ ಅಂತ ಉಜ್ಜಿತು. ಉಲ್ಲಾಸನ ಮುಖ ಬಿಳುಚಿತು. ಆ ಹಂಪು ಹಾಕಿಸಿದವನು ಅವನೇ, ಹೋದ ವರ್ಷ. ಯಲ್ಲಾಪುರದ ರಸ್ತೆಯಲ್ಲಿ ಒಂದಿಷ್ಟು ದೂರ ಹೋಗಿ ಬಂದೆವು. ಅವನು ವೇಗ ಏರಿಸುವಾಗ ನಾನು ನಾರಾಯಣ ನಾರಾಯಣ ಅಂತ ಎಣಿಸಿದೆ. ನೂರು ಮುಟ್ಟುವಷ್ಟರಲ್ಲಿ ಆರು ನಾರಾಯಣ ಆಯಿತು. ಇಳಿಯುವಾಗ ಇಬ್ಬರು ಹಿಡಿದು ಎಳೆದರು.

ಆಮೇಲೆ ಜೋರಿಂದು. ಕೆಂಪು ಬಣ್ಣ. ಎರಡೇ ಸೀಟು. ನೇತ್ರಾ ತಲೆನೋವು ಅಂದಳು. "ಅತ್ತಿಗೆ ಹೋಗಿಬರ್ಲಿ." ನಾನು ಬೇಡ ಅನ್ನುವುದರೊಳಗೆ ವಿನೋದ ಬಾಗಿಲು ತೆಗೆದು ಬೆಲ್ಟು ಬಿಗಿದ. ಮುಂದಿನ ಸೀಟಿನಲ್ಲಿ ಕೂರದೆ ಹನ್ನೆರಡು ವರ್ಷವಾಗಿತ್ತು. ಮುಂದೆ ಕೂತರೆ ರಸ್ತೆ ಇಷ್ಟು ಅಗಲ ಕಾಣುತ್ತದೆ ಅನ್ನುವುದು ಮರೆತುಹೋಗಿತ್ತು.

ಪೇಟೆ ದಾಟಿ ನೇರ ರಸ್ತೆ ಸಿಕ್ಕ ಕೂಡಲೆ, "ಹಿಡ್ಕ ಅಕ್ಕಯ್ಯ," ಅಂದ. ನಾನು ನಾರಾಯಣ ಅಂತ ಎಣಿಸಲು ಶುರು ಮಾಡಿದೆ. ಮೊದಲನೆಯದ್ದು ಸರಿ ಆಯಿತು. ಎರಡನೆಯದ್ದಕ್ಕೆ ನಾರಾ ಅಂದೆ. ಬೆನ್ನು ಸೀಟಿಗೆ ಅಂಟಿತು, ಮರಗಳೆಲ್ಲ ಒಂದಾದವು. ಯಣ ಅನ್ನುವುದು ಉಳಿದೇ ಹೋಯಿತು. ಅದನ್ನು ಸಂಜೆ ದೇವರ ಮುಂದೆ ಹೇಳಿ ಮುಗಿಸಿದೆ.

ತಮ್ಮನ ಕಡೆ ನೋಡಿದೆ. ಎಂಟು ವರ್ಷದವನಿದ್ದಾಗ ಬಾಡಿಗೆ ಸೈಕಲ್ಲು ಕಲಿತದ್ದು ನೆನಪಾಯಿತು. ಹಿಂದಿನ ಸೀಟು ಹಿಡಿದುಕೊಂಡು ಊರಿನ ಮಣ್ಣು ರಸ್ತೆಯಲ್ಲಿ ಓಡುತ್ತಿದ್ದವಳು ನಾನು. "ಬಿಡಡ ಅಕ್ಕಯ್ಯ, ಬಿಡಡ" ಅಂತ ಕೂಗುತ್ತಿದ್ದ. ನಾನು ಬಿಟ್ಟು ಎಷ್ಟೋ ಹೊತ್ತಾಗಿದ್ದರೂ ಕೂಗುತ್ತಿದ್ದ. ಮುಖ ಈಗಲೂ ಅದೇ. ಮೀಸೆಯೊಂದು ಹೆಚ್ಚಿಗೆ.

ಹುಚ್ಚು ಹಿಡಿದವರ ಗಾಡಿ. ಇನ್ನೊಂದು ಸುತ್ತು ಹೋಪನ ಅಂತ ಕೇಳಿದ. ಬೇಡ ಅನ್ನಲಿಲ್ಲ. ಬ್ರೇಕು ಹೇಗೆ ಹಿಡಿಯುತ್ತದೆ ಅಂತ ನೋಡಬೇಕಿತ್ತು.

ನವೆಂಬರ್ ೨೪, ಸೋಮವಾರ

ಒಪ್ಪತ್ತು. ಬೆಳಿಗ್ಗೆ ಹಾಲು ಉಕ್ಕಿತು. ಎದುರಿಗೇ ನಿಂತಿದ್ದೆ. ಒಂದೂವರೆ ಸೆಕೆಂಡು ಅಂದರೆ ಅಷ್ಟೇನೂ ಸಣ್ಣದಲ್ಲ.

ಉಲ್ಲಾಸ ಆಳು ಕಳಿಸಿ ಬೀದಿಯ ಹಂಪು ಕೆತ್ತಿಸುತ್ತಿದ್ದಾನೆ. ಮಂಜಿ ನೋಡಿ ಬಂದು ಹೇಳಿದಳು. "ಹೋದ ವರ್ಷ ಒಡೆಯ್ರೇ ಹಾಕ್ಸಿದ್ರು, ಈಗ ಒಡೆಯ್ರೇ ತೆಗೀತ್ರು. ಎರಡಕ್ಕೂ ಕೂಲಿ ಸಿಕ್ತು ಬಿಡ್ರಾ." ಊರಿನ ದೇವಸ್ಥಾನದ ಎರಡು ಮೈಲಿ ರಸ್ತೆಗೆ ಹದಿನೈದು ವರ್ಷದಿಂದ ಒಂದು ಬುಟ್ಟಿ ಜಲ್ಲಿ ಬಿದ್ದಿಲ್ಲ. ಅಲ್ಲಿ ಇವನ ಕಾರು ಓಡುವುದಿಲ್ಲವಲ್ಲ.

ನವೆಂಬರ್ ೨೫, ಮಂಗಳವಾರ

ಗಂಡ ಹೆಂಡತಿ ಮಾತು ಬಿಟ್ಟಿದ್ದಾರೆ. ಸಾಂಬಾರು ಬೇಕಾದರೆ ನನಗೆ ಹೇಳಿ ಕೇಳುತ್ತಾರೆ. ಅವನಿಗೆ ಜೋರಿಂದೇ ಬೇಕು. ಅವಳು ಸಾದಾ ಬಿಟ್ಟು ಇಳಿಯುವುದಿಲ್ಲ. ಚೀಲಕ್ಕೋಸ್ಕರ ಇಷ್ಟು ಹಟ ಮಾಡುವವರನ್ನು ನಾನು ನೋಡಿಲ್ಲ.

ಮಧ್ಯಾಹ್ನ ಉಲ್ಲಾಸ ಅಡುಗೆಮನೆಗೆ ಬಂದು ನೆಲದ ಮೇಲೆ ಕೂತ. ಹಾಗೆ ಕೂತರೆ ನನ್ನಿಂದ ಏನೋ ಆಗಬೇಕಿದೆ ಅಂತ ಅರ್ಥ.

"ಅಕ್ಕಯ್ಯ, ದೇವ್ರ ಹತ್ರ ಹೂವಿನ ಪ್ರಸಾದ ಕೇಳ್ಕಂಡು ಬಾ."

"ಕಾರಿಗಾ? ಮದುವೆಗೆ ಕೇಳ್ತ, ಮನೆ ಕಟ್ಟಲೆ ಕೇಳ್ತ. ಆಟದ ಸಾಮಾನಿಗೆ ಕೇಳ್ತ್ವಿಲ್ಲೆ."

"ನೀ ಕೇಳಿದ್ರೆ ದೇವ್ರು ಸುಳ್ಳು ಹೇಳ್ತ್ನಿಲ್ಲೆ. ನೇತ್ರಾನೂ ಒಪ್ಪಿದ್ದು. ಹೂವು ಬಲಕ್ಕೆ ಬಿದ್ರೆ ಎಸ್ಸು, ಎಡಕ್ಕೆ ಬಿದ್ರೆ ಸಾದಾ."

ನನ್ನ ಸೀಟು ಇರಬೇಕೋ ಬೇಡವೋ ಅಂತ ಕೇಳಿಕೊಂಡು ಬರಲು ನನ್ನನ್ನೇ ಕಳಿಸುತ್ತಾನೆ. ಅದು ಅವನಿಗೆ ಹೊಳೆದಿದ್ದರೆ ಸಿಟ್ಟಾದರೂ ಮಾಡಬಹುದಿತ್ತು. ಹೊಳೆದಿಲ್ಲ.

ನವೆಂಬರ್ ೨೭, ಗುರುವಾರ

ಶಫಿಯ ಜೊತೆ ವ್ಯಾನಿನಲ್ಲಿ ಹೋದೆ. ದಾರಿಯಲ್ಲಿ ಅವನು ಹೇಳಿದ, "ಮೊನ್ನೆ ನೇತ್ರಾ ಮೇಡಮ್ಮು ಟೇಪು ಹಿಡ್ಕೊಂಡು ಗ್ಯಾರೇಜಿಗೆ ಬಂದಿದ್ರು ಅಕ್ಕೋರೆ. ಸಾದಾ ಕಾರಿನ ಮುಂದಿನ ಸೀಟನ್ನ ನಾಕು ಇಂಚು ಮುಂದೆ ತಳ್ಳಕ್ಕೆ ಬರ್ತದಾ, ಹಿಂದೆ ಕೂತವ್ರ ಮೊಣಕಾಲಿಗೆ ಜಾಗ ಆಗ್ಬೇಕು ಅಂತ." ಚೀಲಕ್ಕೆ ಮೊಣಕಾಲು ಇರುವುದಿಲ್ಲ. ಯಾರ ಮೊಣಕಾಲು ಅಂತ ನಾನು ಕೇಳಲಿಲ್ಲ. ಮಣ್ಣು ರಸ್ತೆ ಬಂತು, ಮಾತು ಅಲ್ಲಿಗೇ ನಿಂತಿತು.

ಭಟ್ಟರು ಪೂಜೆ ಮುಗಿಸಿ ಕೂತಿದ್ದರು. ವಿಷಯ ಹೇಳಿದೆ. ನಗು ಬಂದರೂ ತಡೆದುಕೊಂಡರು.

"ಎರಡರಲ್ಲಿ ಯಾವ್ದು ಹೇಳಿ ಕೇಳಲೆ ಬತ್ತಿಲ್ಲೆ ಮಹೇಶ್ವರಿ. ಹೌದೋ ಅಲ್ದೋ ಹೇಳಿ ಒಂದೇ ಮಾತು ಕೇಳವು. ಬಲ ಹೌದು, ಎಡ ಅಲ್ಲ."

"ಜೋರಿಂದು ತಗಳ್ಳಲಕ್ಕಾ ಹೇಳಿ ಕೇಳಿದ್ರೆ ಆತು ಹಂಗಾರೆ."

"ಬಾಯಲ್ಲಿ ಹೇಳಡ. ಮನಸ್ಸಲ್ಲಿ ಹೇಳ್ಕ. ಒಂದೇ ಸಲ, ಸ್ಪಷ್ಟ."

ಒದ್ದೆ ಮಾಡಿದ ಹೂವಿನ ಎಸಳನ್ನು ಮೂರ್ತಿಯ ಎರಡೂ ಭುಜಕ್ಕೆ ಅಂಟಿಸಿದರು. ಗಂಟೆ ಬಾರಿಸಿದರು. ನಾನು ಕಣ್ಣು ಮುಚ್ಚಿ ಕೇಳಿದೆ. ಕಣ್ಣು ತೆಗೆಯುವುದರೊಳಗೆ ಬಿದ್ದಾಗಿತ್ತು.

"ಬಲ," ಅಂದರು ಭಟ್ಟರು. "ತಡವೇ ಮಾಡ್ದಿಲ್ಲೆ ನೋಡು ದೇವರು. ಯಾರಿಗೂ ಇಷ್ಟು ಬೇಗ ಕೊಟ್ಟಿದ್ದು ನಾನು ಕಂಡಿದ್ದಿಲ್ಲೆ."

ಉಲ್ಲಾಸನಿಗೆ ಫೋನು ಮಾಡಿ ಬಲ ಅಂತ ಹೇಳಿದೆ. ಆ ಕಡೆಯಿಂದ ಕೂಗಿದ್ದು ಶಫಿಗೂ ಕೇಳಿಸಿತು. ಅಷ್ಟೆ.

ನವೆಂಬರ್ ೨೮, ಶುಕ್ರವಾರ

ಉಲ್ಲಾಸ ಪೇಡೆ ತಂದು ಬೀದಿಗೆಲ್ಲ ಹಂಚಿದ. ಮಂಗಳವಾರ ಹತ್ತು ಗಂಟೆಗೆ ಹುಬ್ಬಳ್ಳಿಯಲ್ಲಿ ಸಹಿ ಹಾಕುವುದಂತೆ. ಒಂದು ಸಲ ಸಹಿ ಬಿದ್ದರೆ ಬದಲಿಸಲು ಬರುವುದಿಲ್ಲವಂತೆ.

"ದೇವ್ರೇ ಹೇಳಿದ ಮೇಲೆ ಮುಗತ್ತು," ಅಂತ ಎದುರುಮನೆಯವರಿಗೆ ಹೇಳುತ್ತಿದ್ದ. ನೇತ್ರಾ ಹೋಗಿ ವ್ಯಾನಿನೊಳಗಿನ ಸಾಮಾನು ತೆಗೆದಿಟ್ಟಳು. ನನ್ನ ಹಳೆಯ ಛತ್ರಿ, ಒಂದು ಬೀಸಣಿಗೆ.

ಪೇಡೆ ತಿನ್ನಲಿಲ್ಲ. ಜಪ ಐವತ್ನಾಲ್ಕರಲ್ಲಿ ತಪ್ಪಿತು. ಮತ್ತೆ ಮೊದಲಿನಿಂದ. ಮತ್ತೆ ತಪ್ಪಿತು.

ನವೆಂಬರ್ ೨೯, ಶನಿವಾರ

ಬರೆದುಬಿಡುತ್ತೇನೆ. ಹೇಗೂ ಇದನ್ನು ಓದುವವರಿಲ್ಲ.

ಗುರುವಾರ ನಾನು ಕಾರಿನ ವಿಷಯ ಕೇಳಲಿಲ್ಲ.

ಕೇಳಬೇಕು ಅಂತಲೇ ಕಣ್ಣು ಮುಚ್ಚಿದ್ದೆ. ಜೋರಿಂದು ತೆಗೆದುಕೊಳ್ಳಬಹುದಾ ಅನ್ನುವ ಮಾತು ನಾಲಿಗೆಯ ತುದಿಯಲ್ಲಿ ತಯಾರಿತ್ತು. ಗಂಟೆ ಬಾರಿಸಿದ ಕೂಡಲೆ ಬೇರೆಯೇ ಮಾತು ಬಂತು. ನಾರಾಯಣ, ಆ ಮನೆಯಲ್ಲಿ ನನಗೆ ಜಾಗ ಇದೆಯಾ? ಅಷ್ಟೇ ಕೇಳಿದ್ದು. ಹೂವು ಬಲಕ್ಕೆ ಬಿತ್ತು. ಹನ್ನೆರಡು ವರ್ಷದಿಂದ ಕೇಳದೆ ಇಟ್ಟುಕೊಂಡಿದ್ದನ್ನು ಕೇಳಿದೆ, ದೇವರು ಒಂದು ಕ್ಷಣವೂ ಯೋಚಿಸದೆ ಹೌದು ಅಂದ.

ಆ ಸಂತೋಷ ಅನುಭವಿಸಲು ಆಗಲಿಲ್ಲ. ತಮ್ಮ ಅದೇ ಹೂವನ್ನು ಹಿಡಿದುಕೊಂಡು ನನ್ನ ಸೀಟಿಲ್ಲದ ಕಾರು ತರಲು ಹೊರಟಿದ್ದಾನೆ. ನನಗೆ ಜಾಗ ಇದೆ ಅಂದ ಹೂವೇ ನನ್ನ ಜಾಗ ತೆಗೆಯುತ್ತದೆ. ಸುಳ್ಳು ಹೇಳಲಿಲ್ಲ ನಾನು. ಬಲ ಅಂದೆ, ಬಲಕ್ಕೇ ಬಿದ್ದಿತ್ತು. ಆದರೆ ದೇವರ ಹೆಸರಿನಲ್ಲಿ ತಮ್ಮನಿಗೆ ಮೋಸ ಮಾಡಿದ ಹಾಗಾಯಿತು. ನಿಜ ಹೇಳಿದರೆ ಏನು ಕೇಳಿದೆ ಅಂತ ಹೇಳಬೇಕು. ಅದನ್ನು ಹೇಳುವುದಕ್ಕಿಂತ ಆ ಹಿಂದಿನ ಸೀಟಿನಲ್ಲಿ ಕಾಶಿಯವರೆಗೆ ಹೋಗಬಹುದು.

ನವೆಂಬರ್ ೩೦, ಭಾನುವಾರ

ಬೆಳಿಗ್ಗೆ ತಿಂಡಿಯ ಹೊತ್ತಿಗೆ ನೇತ್ರಾ ಬಾಯಿ ಬಿಟ್ಟಳು. ಮೂರು ದಿನ ಯೋಚಿಸಿದ್ದಳು ಅಂತ ಕಾಣುತ್ತದೆ.

"ಅತ್ತಿಗೆ, ಒಂದು ಕೇಳ್ತೆ. ಬಲ ಅಂದ್ರೆ ದೇವ್ರ ಬಲವಾ, ಎದುರಿಗೆ ನಿಂತವ್ರ ಬಲವಾ?"

ಉಲ್ಲಾಸನ ಕೈಯ ತೆಳ್ಳೇವು ಅರ್ಧಕ್ಕೆ ನಿಂತಿತು.

"ಅದೆಂತ ಪ್ರಶ್ನೆ?"

"ನಿಂತವ್ರ ಬಲ ದೇವ್ರಿಗೆ ಎಡ ಆಗ್ತು. ಅತ್ತಿಗೆ ನೋಡಿದ್ದು ಯಾವ ಬದಿಗೆ?"

"ಭಟ್ಟರು ಹೇಳಿದ ಮೇಲೆ ಆತಲೇ."

"ಭಟ್ಟರೂ ಎದುರಿಗೇ ನಿಂತಿರ್ತ."

ಗರ್ಭಗುಡಿಯಲ್ಲಿ ಭಟ್ಟರು ಎಲ್ಲಿ ನಿಂತಿದ್ದರು, ನಾನು ಎಲ್ಲಿ, ಕಂಬ ಎಲ್ಲಿ ಅಂತ ತಟ್ಟೆ, ಲೋಟ, ಚಟ್ನಿ ಬಟ್ಟಲು ಇಟ್ಟು ಇಬ್ಬರೂ ಅರ್ಧ ತಾಸು ವಾದ ಮಾಡಿದರು. ನಾರಾಯಣ ಚಟ್ನಿ ಬಟ್ಟಲಾಗಿದ್ದ. ಮಾತು ಬಿಟ್ಟಿದ್ದವರು ಮಾತಾಡಿದರು, ಅಷ್ಟೇ ಲಾಭ.

ಕೊನೆಗೆ ಉಲ್ಲಾಸ ಎದ್ದ. ಟೆಂಡರಿನ ಕೆಲಸಕ್ಕೆ ಇವತ್ತೇ ಹುಬ್ಬಳ್ಳಿಗೆ ಹೊರಟಿದ್ದ. ಚಪ್ಪಲಿ ಮೆಟ್ಟುತ್ತ ಹೇಳಿದ, "ಅಕ್ಕಯ್ಯ, ನೀ ಸರಿಯಾಗಿ ನೆನಪು ಮಾಡ್ಕ. ಯಾರ ಬಲ ಹೇಳಿ ತಿಳಿಸು. ನಿಂತವ್ರ ಬಲ ಆಗಿದ್ರೆ ಸಾದಾದ್ದಕ್ಕೇ ಸಹಿ ಹಾಕ್ತೆ. ದೇವ್ರ ಮಾತು ಮೀರ್ತ್ನಿಲ್ಲೆ." ಅವನ ದನಿ ಬಿದ್ದುಹೋಗಿತ್ತು. ಸೈಕಲ್ಲಿನಿಂದ ಬಿದ್ದಾಗಲೂ ಅಳುತ್ತಿರಲಿಲ್ಲ. ಹೀಗೇ ದನಿ ಬೀಳುತ್ತಿತ್ತು.

ಒಂದು ಮಾತು ಸಾಕು. ನಿಂತವರ ಬಲ ಅಂದರೆ ಮುಗಿಯಿತು. ಹಿಂದಿನ ಸೀಟು ಇರುತ್ತದೆ. ನಾನು ಏನು ಕೇಳಿದೆ ಅಂತ ಯಾರಿಗೂ ತಿಳಿಯುವುದಿಲ್ಲ.

ನೇತ್ರಾಳ ಎರಡನೆಯ ತೆಳ್ಳೇವಿಗೆ ಗಟ್ಟಿ ತುಪ್ಪ ಹಾಕಿದೆ. ತುಪ್ಪ ಮುಗಿಯಲು ಬಂದಿತ್ತು, ಪಾತ್ರೆ ತೊಳೆಯಬೇಕಿತ್ತು.

ಡಿಸೆಂಬರ್ ೧, ಸೋಮವಾರ

ಏಕಾದಶಿ. ಉಪವಾಸ. ಬಾಗಿಲಿಗೆ ನೀರು, ರಂಗೋಲಿ, ಪೂಜೆ ಎಲ್ಲ ಆಯಿತು. ಜಪ ನೂರೆಂಟೂ ತಪ್ಪದೆ ಮುಗಿಯಿತು. ಯಾಕೆಂದರೆ ಕೂರುವ ಮೊದಲೇ ತೀರ್ಮಾನ ಮಾಡಿದ್ದೆ.

ದೇವಸ್ಥಾನಕ್ಕೆ ಇಂದೂ ಹೋಗಲಿಲ್ಲ. ಹೋದರೆ ಮತ್ತೆ ಕೇಳಬೇಕು ಅನ್ನಿಸುತ್ತದೆ. ಒಂದು ಸಲ ಕೊಟ್ಟ ಉತ್ತರವನ್ನು ನಂಬದೆ ಮತ್ತೆ ಮತ್ತೆ ಬಾಗಿಲು ಬಡಿದರೆ ನಾರಾಯಣನಿಗೂ ಬೇಸರ ಬರುವುದಿಲ್ಲವೇ. ಅದೂ ಅಲ್ಲದೆ, ಯಾವ ಕಾರು ಅನ್ನುವುದು ಅವನ ಕೆಲಸವೂ ಅಲ್ಲ.

ಹತ್ತು ಗಂಟೆಗೆ ಉಲ್ಲಾಸ ಫೋನು ಮಾಡಿದ. ಹಿಂದಿನಿಂದ ವಿನೋದನ ದನಿ, "ಅಮ್ಮಾರು ಏನಂತಾರ್ರಿ ಸರ?" ತಮ್ಮನಿಗೆ ಫೋನಿನ ಮಾತು ಊರಿಗೆಲ್ಲ ಕೇಳಿಸುವ ಅಭ್ಯಾಸ. ಈ ಮಾತನ್ನು ಟೈ ಕಟ್ಟಿದವರೆಲ್ಲ ಕೇಳುವುದು ಬೇಡ. "ಬರೆದು ಕಳಿಸ್ತೆ," ಅಂದೆ. "ಬರೆಯದಾ?" ಅಂದ. ಬರೆಯುವುದೇ. ಊರ ಶಾಲೆಯಲ್ಲಿ ಏಳನೆಯವರೆಗೆ ಕಲಿಸಿದ್ದು ಯಾವತ್ತಿಗೆ.

ಮಧ್ಯಾಹ್ನ ಶಫಿ ವ್ಯಾನನ್ನು ಹುಬ್ಬಳ್ಳಿಗೆ ಒಯ್ಯುತ್ತಾನೆ. ಅಲ್ಲೇ ಗುಜರಿಯವರಿಗೆ ಕೊಡುವುದು. ಅವನ ಕೈಯಲ್ಲೇ ಹೋಗಲಿ. ಬರೆದಿದ್ದನ್ನು ಇಲ್ಲಿಯೂ ಇಳಿಸಿಡುತ್ತೇನೆ, ಆಮೇಲೆ ಬರೆದದ್ದು ನಾನೇ ಹೌದಾ ಅಂತ ಅನುಮಾನ ಪಡಬಾರದು.

"ಉಲ್ಲಾಸನಿಗೆ ಅಕ್ಕಯ್ಯನ ಆಶೀರ್ವಾದ. ಹೂವು ದೇವರ ಬಲಕ್ಕೇ ಬಿದ್ದಿದ್ದು. ಅದರಲ್ಲಿ ಅನುಮಾನ ಇಲ್ಲ. ಆದರೆ ನಾನು ಕೇಳಿದ್ದು ನಿನ್ನ ಕಾರಿನ ವಿಷಯ ಅಲ್ಲ. ನಿನ್ನ ಮನೆಯಲ್ಲಿ ನನಗೆ ಜಾಗ ಇದೆಯಾ ಅಂತ ಕೇಳಿದೆ. ಅದು ತಪ್ಪು, ನೀನು ಕೇಳು ಅಂದಿದ್ದು ಬೇರೆ. ಆ ಹೂವು ನನ್ನದು, ನಿನಗೆ ಕೊಡಲು ಬರುವುದಿಲ್ಲ.

"ಯಾವ ಕಾರು ಅಂತ ದೇವರು ಹೇಳಲಿಲ್ಲ. ನಾನು ಹೇಳುತ್ತೇನೆ. ಜೋರಿಂದೇ ತಗ. ಸಾದಾದ ಹಿಂದಿನ ಸೀಟು ಮನುಷ್ಯರಿಗೆ ಮಾಡಿದ್ದಲ್ಲ, ನಾನು ಕೂತು ನೋಡಿದ್ದೇನೆ. ಆದರೆ ಪ್ರತಿ ಏಕಾದಶಿಗೆ ಅದರ ಮುಂದಿನ ಸೀಟು ನನ್ನದು. ಅವತ್ತು ನಿನಗೆ ಪುರುಸೊತ್ತಿಲ್ಲ ಅನ್ನುವ ಮಾತು ಬೇಡ. ಅದರ ಹೊಟ್ಟೆ ಕೆಳಗಿದೆ, ಊರಿನ ಮಣ್ಣು ರಸ್ತೆಯಲ್ಲಿ ಉಜ್ಜುತ್ತದೆ. ಹಂಪು ಕೆತ್ತಿಸಿದವನಿಗೆ ಎರಡು ಮೈಲಿ ರಸ್ತೆ ಹಾಕಿಸುವುದು ಕಷ್ಟವಲ್ಲ. ಕಾರು ಬರುವುದರೊಳಗೆ ಮುಗಿಸು. ಒಪ್ಪಿಗೆ ಇಲ್ಲದಿದ್ದರೆ ಸಹಿ ಹಾಕಬೇಡ, ವ್ಯಾನು ತಿರುಗಿ ಕಳಿಸು."

ಕೆಳಗೆ ಹೆಸರು ಬರೆದೆ.

ಕಾಲೇಜಿಗೆ ಹೊರಟಿದ್ದ ನೇತ್ರಾಳಿಗೆ ಓದಿಸಿದೆ. ಎರಡು ಸಲ ಓದಿದಳು. ಚೀಲ ಮೂರನ್ನೂ ಕೆಳಗಿಟ್ಟು ಅಂದಳು, "ಅತ್ತಿಗೆ, ನಿಂಗಕ್ಕೆ ಆ ಪ್ರಶ್ನೆ ಕೇಳಲೆ ದೇವಸ್ಥಾನಕ್ಕೆ ಹೋಗವಾಗಿತ್ತಾ?" ಉತ್ತರಕ್ಕೆ ಕಾಯಲಿಲ್ಲ. "ಏಕಾದಶಿ ದಿನ ಆನು ಬಸ್ಸಿಗೆ ಹೋಗ್ತೆ. ಉಳಿದ ದಿನ ಆ ಸೀಟು ಕೇಳಡಿ ಮತ್ತೆ." ಅವಳ ಕಣ್ಣಿಗೆ ಏನೋ ಬಿದ್ದಿತ್ತು. ಒಲೆಯ ಹೊಗೆ ಇರಬೇಕು ಅಂತ ಬರೆಯಲು ಹೋದೆ, ನಮ್ಮ ಮನೆಯಲ್ಲಿ ಗ್ಯಾಸಿನ ಒಲೆ.

ವ್ಯಾನಿನ ಸೀಟಿನ ಸಂದಿಯಲ್ಲಿ ಜಪಮಾಲೆ ಉಳಿದಿತ್ತೋ ಅಂತ ಹೋಗಿ ನೋಡಿದೆ. ಇರಲಿಲ್ಲ. ಬರೀ ತೂತು.

ಕಾಗದವನ್ನು ಕವರಿಗೆ ಹಾಕಿ ಅಂಟಿಸಿ ತುಳಸಿಕಟ್ಟೆಯ ಮೇಲೆ ಇಟ್ಟಿದ್ದೇನೆ, ಗಾಳಿಗೆ ಹಾರದ ಹಾಗೆ ಮೇಲೊಂದು ಕಲ್ಲು. ಮಂಜಿಯನ್ನು ಗ್ಯಾರೇಜಿಗೆ ಓಡಿಸಿದೆ. ಶಫಿಗೆ ಹೇಳು, ಅಕ್ಕೋರ ಉತ್ತರ ತಯಾರಿದೆ. ಅಕ್ಕೋರೇ ಕಲ್ಲು ಸರಿಸಿ ಅದನ್ನು ಹರಿದುಹಾಕುವುದರೊಳಗೆ ಬಂದು ತೆಗೆದುಕೊಂಡು ಹೋಗು.